ಡ್ರಾಯರಿನಲ್ಲಿದ್ದ ಮುದ್ರೆ

ಪೊಲೀಸರ ಮೇಲೆ ದೂರು ಕೊಟ್ಟರೆ ವಿಚಾರಿಸುವವರೂ ಪೊಲೀಸರೇ. ನಾನು ಹೊಟ್ಟೆಪಾಡಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಕೋಡ್ ಬರೆದವನೇ ಅದನ್ನು ಪಾಸು ಮಾಡಿದರೆ ನಮ್ಮಲ್ಲಿ ಎಲ್ಲರೂ ನಗುತ್ತಾರೆ.

ಇಂಥ ದೂರುಗಳನ್ನು ಹೊರಗಿನಿಂದ ತನಿಖೆ ಮಾಡುವ ಸಣ್ಣ ಗುಂಪೊಂದಕ್ಕೆ ಶನಿವಾರ ಜಪಾನಿ-ಕನ್ನಡ ಅನುವಾದಕ್ಕೆಂದು ಹೋಗುತ್ತಿದ್ದೆ. ಗುಂಪು ಎನ್ನುವುದು ಹೆಸರಿಗಷ್ಟೇ. ಕೊರೊನಾ ಭಯಕ್ಕೆ ಒಬ್ಬೊಬ್ಬರೇ ಬಿಟ್ಟು, ಉಳಿದದ್ದು ಎಲ್ಲರೂ ಗೌರವದಿಂದ ಸೆನ್ಸೇ ಎಂದು ಕರೆಯುತ್ತಿದ್ದ ಒಬ್ಬ ವಯಸ್ಸಾದ ವಕೀಲೆ ಮತ್ತು ನಾನು. ನ್ಯಾಯದ ಹುಚ್ಚಿನಿಂದ ಸೇರಿದೆನೆಂದರೆ ಸುಳ್ಳಾದೀತು. ಕಾವಾಸಾಕಿ ಊರಿನ ಒಂಟಿ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಖ ನೋಡಿ ನೋಡಿ ತಲೆ ಕೆಟ್ಟಿತ್ತು. ಯಾರಾದರೂ ಎದುರಿಗೆ ಕೂತು ಮಾತಾಡಿದರೆ ಸಾಕಾಗಿತ್ತು.

ಒಂದು ಶನಿವಾರ ಭಾರತೀಯರು ಹೆಚ್ಚಿರುವ ಓಜಿಮಾ ಬಡಾವಣೆಯಿಂದ ಮೈಸೂರಿನ ಗೃಹಿಣಿಯೊಬ್ಬಳು ಬಂದಳು. ನಾಲ್ಕು ದಿನದ ಹಿಂದೆ ಮಗಳನ್ನು ಶಿಶುವಿಹಾರದಿಂದ ಕರೆತರಲು ಸೈಕಲ್ಲಿನಲ್ಲಿ ಹೊರಟಿದ್ದವಳನ್ನು ಹಗಲೂ ರಾತ್ರಿ ತೆರೆದಿರುವ ಕೊಂಬಿನಿ ಅಂಗಡಿಯ ಎದುರು ಇಬ್ಬರು ಪೊಲೀಸರು ತಡೆದಿದ್ದರು. ಕದ್ದ ಸೈಕಲ್ ಇರಬಹುದೆಂದು ಕೈ ಹಿಡಿದು ಎಳೆದುಕೊಂಡು ಹೋಗಿ ಠಾಣೆಯಲ್ಲಿ ಮೂರು ಗಂಟೆ ಕೂರಿಸಿದ್ದರು. ಮಗು ಅಷ್ಟೂ ಹೊತ್ತು ಶೂ ಹಾಕಿಕೊಂಡು ಶಿಶುವಿಹಾರದ ಬಾಗಿಲಲ್ಲಿ ನಿಂತಿತ್ತಂತೆ.

"ನಾನೇ ಇಷ್ಟಪಟ್ಟು ಅವರ ಹಿಂದೆ ಹೋದೆ ಅಂತಾರೆ, ಅಕ್ಕ. ಯಾರಾದ್ರೂ ನಂಬೋ ಹಾಗೆ ಮಾಡಿ," ಎಂದಳು.

ನಂಬಿಸಲು ಕೊಂಬಿನಿಯ ಕ್ಯಾಮೆರಾ ಒಂದೇ ದಾರಿ. ಅಂದೇ ಹೋಗಿ ಕೇಳಿದೆ. "ವಕೀಲರ ಮುದ್ರೆ ಇರೋ ಪತ್ರ ತನ್ನಿ, ತೆಗೆದಿಡ್ತೀನಿ. ರೆಕಾರ್ಡ್ ಆಗಿ ಹದಿನೈದು ದಿನ ಆದ್ರೆ ತಾನಾಗೇ ಅಳಿಸಿಹೋಗುತ್ತೆ," ಎಂದರು ಅಂಗಡಿಯ ಮಾಲೀಕರು. ಪತ್ರ ಬರೆದು ಮುಗಿಸುವಷ್ಟರಲ್ಲಿ ವಕೀಲೆಗೆ ಜ್ವರ ಏರಿ ಆಸ್ಪತ್ರೆಗೆ ಸೇರಿಸಿದ್ದರು.

ಮುದ್ರೆ ಅವರ ಡ್ರಾಯರಿನಲ್ಲಿತ್ತು. ಡ್ರಾಯರಿನ ಕೀ ನನ್ನ ಹತ್ತಿರವೇ ಇತ್ತು. ಆದರೆ ಮುದ್ರೆಯೇ ಸಹಿಯಾಗಿರುವ ಈ ದೇಶದಲ್ಲಿ ಇನ್ನೊಬ್ಬರ ಮುದ್ರೆ ಮುಟ್ಟುವುದುಂಟೇ? ಕೊರೊನಾ ಮಧ್ಯೆಯೂ ನಮ್ಮ ಆಫೀಸಿನವರು ಬರೀ ಮುದ್ರೆ ಒತ್ತಲೆಂದೇ ಮಾಸ್ಕ್ ಹಾಕಿಕೊಂಡು ರೈಲು ಹತ್ತುತ್ತಿದ್ದರು. ಎಂಟು ವರ್ಷ ಇಲ್ಲಿದ್ದು ನಾನು ಕಲಿತ ಮರ್ಯಾದೆ ಅದು. ಮರುವಾರ ಡ್ರಾಯರ್ ತೆರೆದೆ, ನೋಡಿದೆ, ಮುಚ್ಚಿದೆ. ಕೇಳೋಣವೆಂದರೆ ಆ ಕೋಣೆಯಲ್ಲಿ ಇನ್ನೊಂದು ನರಪಿಳ್ಳೆ ಇರಲಿಲ್ಲ, ಆಸ್ಪತ್ರೆಯಲ್ಲಿದ್ದವರಿಗೆ ಫೋನ್ ಮಾಡಲು ಮನಸ್ಸಾಗಲಿಲ್ಲ. ಖಾಲಿ ಕುರ್ಚಿಗಳ ನಡುವೆ ಕೂತು ತಂದಿದ್ದ ಮೊಸರನ್ನ ತಿಂದು ಮನೆಗೆ ಹೋದೆ.

ಆಕೆ ಬಂದುಹೋದ ಹನ್ನೆರಡನೆಯ ದಿನ ವಕೀಲೆಯ ಫೋನ್ ಬಂತು. ದನಿ ಇನ್ನೂ ಕುಗ್ಗಿತ್ತು.

"ಪತ್ರ ಕೊಟ್ಟಿರಾ?"

"ಇಲ್ಲ ಸೆನ್ಸೇ, ನೀವು ಬರ್ತೀರ ಅಂತ ಕಾಯ್ತಿದ್ದೆ."

"ಕೀ ಕೊಟ್ಟಿದ್ದು ಅದಕ್ಕೇ ಅಲ್ವಾ," ಎಂದರು.

ಎದ್ದೆನೋ ಬಿದ್ದೆನೋ ಎಂದು ಕೊಂಬಿನಿಗೆ ಓಡಿದೆ. ಹಿಂದಿನ ದಿನವೇ ಹದಿನೈದು ದಿನ ತುಂಬಿ ಎಲ್ಲ ಅಳಿಸಿಹೋಗಿತ್ತು. ಮಾಲೀಕರೇ ನನಗೆ ತಲೆಬಾಗಿ ಸುಮಿಮಾಸೆನ್, ಕ್ಷಮಿಸಿ, ಅಂದಾಗ ನಾಚಿಕೆಯಿಂದ ಕುಗ್ಗಿಹೋದೆ.

ಕೆಲವು ತಿಂಗಳ ಮೇಲೆ ಪೊಲೀಸರ ಉತ್ತರ ಬಂತು. ಆಕೆ ತಾನಾಗಿಯೇ ಬಂದಳು, ಯಾರದೂ ತಪ್ಪಿಲ್ಲ. ನಮ್ಮಲ್ಲಿ ಸಾಕ್ಷಿ ಇರಲಿಲ್ಲ, ಫೈಲು ಮುಚ್ಚಬೇಕಾಯಿತು. ವಕೀಲೆ ಇನ್ನೂ ಮನೆಯಲ್ಲೇ ಇದ್ದರು. ಈ ಸಲ ಮುದ್ರೆ ನೀವೇ ಒತ್ತಿ ಎಂದಿದ್ದರು.

ಫೈಲು ಮುಚ್ಚಿದ್ದನ್ನು ತಿಳಿಸುವ ಕೊನೆಯ ಪತ್ರ ತೆಗೆದುಕೊಳ್ಳಲು ಆಕೆ ಮಗಳೊಂದಿಗೆ ಬಂದಳು. ನಡೆದದ್ದನ್ನೆಲ್ಲ, ನನ್ನ ತಪ್ಪನ್ನೂ ಸೇರಿಸಿ, ಹೇಳಿದೆ. ಆಮೇಲೆ ಡ್ರಾಯರ್ ತೆರೆದು ಮುದ್ರೆಯನ್ನು ಕೆಂಪು ಶಾಯಿಗೆ ಅದ್ದಿ ಪತ್ರದ ಮೇಲೆ ಒತ್ತಿದೆ.

ಆಕೆ ಅದನ್ನೇ ನೋಡುತ್ತಿದ್ದಳು.

"ಇಷ್ಟೇನಾ ಅಕ್ಕ, ಮಾಡಬೇಕಾಗಿದ್ದಿದ್ದು?"