ನಮ್ಮ ಸರ್ ಕೇಳುತ್ತಿದ್ದ ಅಂಚೆಯವನ ದಿನಚರಿ

ಕಳೆದ ತಿಂಗಳು ಯಾವುದೋ ದಾಖಲೆಗಾಗಿ ಒಂದು ಕಚೇರಿಯ ಕಿಟಕಿಯ ಮುಂದೆ ನಿಂತಿದ್ದೆ. ಒಳಗೆ ಹಳೆಯ ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಕಿರುಗುಟ್ಟತೊಡಗಿತು. ಬಿಸಿಯಾದ ರಿಬ್ಬನ್ನಿನ ಶಾಯಿವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಗಡಿಯಾಚೆಯ ಜತ್ತದ ಕಾಲೇಜಿನಲ್ಲಿದ್ದೆ... ಎದುರಿಗೆ ಅಂಥದೇ ಪ್ರಿಂಟರಿನ ಪಕ್ಕ ನಮ್ಮ ಕಂಪ್ಯೂಟರ್ ಸರ್.

ಎರಡು ಸಾವಿರದ ಇಸವಿಯ ಆಚೀಚಿನ ಮಾತು. ನಾನು ಸೋನ್ಯಾಳದಿಂದ ದಿನಾ ಬಸ್ಸಿನಲ್ಲಿ ಬಂದು ಬಿಎಸ್ಸಿ ಓದುತ್ತಿದ್ದೆ. ಸರ್ ತಿಕೋಂಡಿಯ ಗಾದಿ ಹೊಲಿಯುವವರ ಮಗ. ಕೈಬರಹದ ಕನ್ನಡವನ್ನು ಓದಲು ಕಂಪ್ಯೂಟರಿಗೆ ಕಲಿಸುವುದು ಅವರ ಸಂಶೋಧನೆ. ಅದಕ್ಕಾಗಿ ಸಿಕ್ಕಸಿಕ್ಕವರಿಂದ ಅಕ್ಷರ ಬರೆಸುತ್ತಿದ್ದರು. ಬಸ್ ಕಂಡಕ್ಟರ್, ಕುರಿ ಕಾಯುವವರು, ಸಂತೆಗೆ ಬಂದ ಹೆಂಗಸರು, ಯಾರನ್ನೂ ಬಿಡುತ್ತಿರಲಿಲ್ಲ. ಮರಾಠಿ ಶಾಲೆಯಲ್ಲಿ ಕಲಿತವರು ಕನ್ನಡ ಅಕ್ಷರಕ್ಕೂ ಮೇಲೊಂದು ಗೆರೆ ಎಳೆದುಬಿಡುತ್ತಿದ್ದರು. ಕಂಪ್ಯೂಟರ್ ತಬ್ಬಿಬ್ಬಾಗುತ್ತಿತ್ತು, ಸರ್‌ಗೆ ಅದೇ ಖುಷಿ.

ಚಿಕ್ಕಂದಿನಿಂದ ಅವರಿಗೆ ಸಕ್ಕರೆ ಕಾಯಿಲೆ. ನಾನು ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಕಿಡ್ನಿ ಕೆಟ್ಟು, ವಾರಕ್ಕೆರಡು ಸಲ ಡಯಾಲಿಸಿಸ್‌ಗೆಂದು ಮಿರಜಿಗೆ ಹೋಗತೊಡಗಿದ್ದರು. ಕಣ್ಣೂ ಮಂಜಾಗುತ್ತ ಬಂತು. ಪರದೆಯ ಮೇಲಿದ್ದದ್ದನ್ನು ಓದಿ ಹೇಳುವ ಕೆಲಸ ನನ್ನ ಪಾಲಿಗೆ ಬಂತು.

ಸಂಶೋಧನಾ ಲೇಖನಗಳ ಓದು ಮುಗಿದ ಮೇಲೆ ಅವರು ಕೇಳುತ್ತಿದ್ದದ್ದು ಒಂದೇ ಪುಟ. ದೂರದ ಯಾವುದೋ ಚಳಿದೇಶದಲ್ಲಿ ಕೆಲಸದಿಂದ ನಿವೃತ್ತನಾದ ಅಂಚೆಯವನೊಬ್ಬ ಇಂಟರ್ನೆಟ್ಟಿನಲ್ಲಿ ಇಂಗ್ಲಿಷಿನಲ್ಲಿ ಬರೆಯುತ್ತಿದ್ದ ದಿನಚರಿ ಅದು. ಅವನಿಗೂ ಅದೇ ರೋಗ, ಅದೇ ಯಂತ್ರ. ಸಾಕಿದ ಕೋಳಿಗಳು, ತೋಳಿಗೆ ಚುಚ್ಚುವ ಸೂಜಿ, ಅಳತೆ ಮೀರದಂತೆ ಗುಟುಕು ಗುಟುಕಾಗಿ ಕುಡಿಯಬೇಕಾದ ನೀರು... ದ್ರಾಕ್ಷಿಯನ್ನು ಹಿಮಗಟ್ಟಿಸಿ ಬಾಯಲ್ಲಿಟ್ಟುಕೊಂಡರೆ ನೀರಡಿಕೆ ತಡೆಯಬಹುದೆಂದು ಅವನು ಬರೆದ ದಿನ ಸರ್ ನನ್ನನ್ನು ದ್ರಾಕ್ಷಿ ತರಲು ಪೇಟೆಗೆ ಅಟ್ಟಿದರು. ಆಮೇಲೆ ಬಸ್‌ಸ್ಟ್ಯಾಂಡಿನ ಐಸ್‌ಕ್ರೀಮ್ ಅಂಗಡಿಯ ಫ್ರಿಜ್ಜಿನಲ್ಲಿ ಅವರದೊಂದು ಡಬ್ಬಿ ಯಾವಾಗಲೂ ಇರುತ್ತಿತ್ತು.

ಒಂದು ದಿನ ಪುಟ ತೆರೆದರೆ ಅಂಚೆಯವನ ಮಗಳು ಬರೆದ ನಾಲ್ಕು ಸಾಲು. ಅಪ್ಪ ತೀರಿಕೊಂಡರು ಎಂದು. ಸರ್ ಪಕ್ಕದಲ್ಲೇ ಕುಳಿತು ಕಾಯುತ್ತಿದ್ದರು. ಹೊಸದೇನೂ ಬಂದಿಲ್ಲ ಎಂದುಬಿಟ್ಟೆ. ಮರುದಿನವೂ ಅದನ್ನೇ ಹೇಳಿದೆ. ಎರಡು ವಾರ ಕಳೆದ ಮೇಲೆ ಸರ್ ತಾವಾಗಿ ಅವನಿಗೊಂದು ಪತ್ರ ಹೇಳಿ ಬರೆಸಿದರು. ಆರಾಮವಾಗಿದ್ದೀರಾ, ನಿಮ್ಮನ್ನು ಓದಿ ನನಗೆ ಹೆದರಿಕೆ ಕಡಿಮೆಯಾಗಿದೆ ಎಂದು. ಸತ್ತವನಿಗೆ ಬರೆದ ಆ ಪತ್ರವನ್ನು ಟೈಪ್ ಮಾಡಿ, ಕಳಿಸಿದೆ ಎಂದು ಸುಳ್ಳು ಹೇಳಿದೆ. ವಾರ ಬಿಟ್ಟು ಅವನ ಉತ್ತರವನ್ನೂ ನಾನೇ ಬರೆದು ಓದಿದೆ. ಕೋಳಿಗಳ ಸುದ್ದಿಯನ್ನೂ ಸೇರಿಸಿದ್ದೆ.

ಸರ್ ಅದನ್ನು ಇನ್ನೊಮ್ಮೆ ಓದಿಸಿದರು.

"ಇದು ನಿನ್ನ ಇಂಗ್ಲಿಷ್ ಐತಿ, ತಂಗಿ," ಎಂದರು. "ಅವ್ರು ಯಾವಾಗ ಹೋದ್ರು?"

"ಮೂರು ವಾರ ಆತ್ರಿ ಸರ್."

"ನಂಗ ಹೇಳಬೇಕಿತ್ತು. ಅವ್ರ ಮಗಳಿಗೆ ಒಂದು ಮಾತು ಬರಿಯೂದಿತ್ತು."

ಬೈಯಲಿಲ್ಲ... ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವತ್ತೇ ಆ ಮಗಳಿಗೆ ಪತ್ರ ಹೇಳಿ ಬರೆಸಿದರು. ಅದನ್ನು ಮಾತ್ರ ನಿಜವಾಗಿ ಕಳಿಸಿದೆ.

ಉತ್ತರ ಬರಲು ಹತ್ತು ದಿನ ಹಿಡಿಯಿತು. ಅಷ್ಟರಲ್ಲಿ ಸರ್ ಮಿರಜಿನ ಆಸ್ಪತ್ರೆ ಸೇರಿದ್ದರು. ಮಗಳ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು ಬಸ್ ಹತ್ತಿದೆ. ವಾರ್ಡಿನ ಹೊರಗೆ ಸರ್ ಅವರ ಹೆಂಡತಿ, ನಾವೆಲ್ಲ ಭಾಬಿ ಎನ್ನುತ್ತಿದ್ದವರು, ಗೋಡೆಗೆ ಒರಗಿ ನೆಲದ ಮೇಲೆ ಕುಳಿತಿದ್ದರು. ಅವರ ಮುಖ ನೋಡಿದೊಡನೆ ತಿಳಿಯಿತು.

"ಲಗೂನ ಬರಬೇಕಿತ್ತವಾ," ಎಂದರು. "ಮುಂಜಾನಿ ಎರಡು ಸಲ ಕೇಳಿದ್ರು, ಪತ್ರ ಬಂತೇನಂತ."

ಊರೂರು ತಿರುಗಿ ಸರ್ ಬರೆಸಿದ ಅಕ್ಷರದ ಹಾಳೆಗಳು ಕಾಲೇಜಿನ ಕಪಾಟಿನಲ್ಲೇ ಗೆದ್ದಲು ಹಿಡಿದುಹೋದವು. ಅವರ ಪ್ರಬಂಧ ಅರ್ಧಕ್ಕೇ ನಿಂತಿತು.

ಈಗ ನಾನೂ ಅದೇ ಸಂಶೋಧನೆಯಲ್ಲಿದ್ದೇನೆ. ಸರ್ ಕೇಳಿದ್ದರೆ ಹಿಗ್ಗುತ್ತಿದ್ದರೋ ಏನೋ... ಆ ಮಗಳ ಪತ್ರ ಮಾತ್ರ ನನ್ನೊಳಗೆ ಹಾಗೇ ಉಳಿದಿದೆ. ಅಪ್ಪನ ಬರಹವನ್ನು ಅಷ್ಟು ದೂರದಲ್ಲಿ ಒಬ್ಬರು ಓದುತ್ತಿದ್ದರೆಂದು ತನಗೆ ಗೊತ್ತೇ ಇರಲಿಲ್ಲ ಎಂದು ಬರೆದಿದ್ದಳು. ನಿಮ್ಮ ಆರೋಗ್ಯ ಹೇಗಿದೆ, ದಯವಿಟ್ಟು ತಿಳಿಸುತ್ತಿರಿ ಎಂದು ಕೇಳಿದ್ದಳು. ಎಷ್ಟೋ ಸಲ ಬರೆಯಲು ಕೂತಿದ್ದೇನೆ. ಇಪ್ಪತ್ತು ವರ್ಷ ದಾಟಿತು. ಸರ್ ಹೋದರು ಎಂಬ ಒಂದು ಸಾಲನ್ನು ನಾನು ಅವಳಿಗೆ ಇವತ್ತಿಗೂ ಬರೆದಿಲ್ಲ.