ಅಕ್ಕ ಕತ್ತರಿಸಿದ ಅಕ್ಷರಗಳು

ನನ್ನ ಅಕ್ಕನಿಗೆ ಎರಡು ವರ್ಷವಿದ್ದಾಗ ಪೋಲಿಯೋ ಬಂದು ಎರಡೂ ಕಾಲು ಹೋಗಿದ್ದವು. ಅರಸೀಕೆರೆಯ ನಮ್ಮ ಮನೆಯಲ್ಲಿ, ಅಮ್ಮನ ಹೊಲಿಗೆ ಮಿಷನ್ನಿನ ಪಕ್ಕದ ಚಾಪೆಯೇ ಅವಳ ಜಾಗ. ಮೂರನೇ ಕ್ಲಾಸಿನ ನಂತರ ಅವಳನ್ನು ಎತ್ತಿಕೊಂಡು ಹೋಗಿ ಶಾಲೆಗೆ ಬಿಡುವವರಿರಲಿಲ್ಲ. ಅಪ್ಪ ಬೆಳಗಾದರೆ ಕೊಬ್ಬರಿ ಮಂಡಿಗೆ ಹೋಗಿಬಿಡುತ್ತಿದ್ದರು.

ಅಮ್ಮನ ಸಣ್ಣ ಕತ್ತರಿ ಅಕ್ಕನ ಕೈಗೆ ಯಾವಾಗ ಬಂತೋ ತಿಳಿಯದು. ನನಗೆ ಬುದ್ಧಿ ಬಂದಾಗಿನಿಂದ ಅವಳು ಕಾಗದ ಕತ್ತರಿಸುತ್ತಿದ್ದಳು. ಬೀದಿಯ ಮಕ್ಕಳು ಶಾಲೆಗೆಂದು ಮಾಡಬೇಕಾದ ಸ್ಕ್ರ್ಯಾಪ್ ಬುಕ್ ಹಿಡಿದು ಅವಳ ಹತ್ತಿರ ಬರುತ್ತಿದ್ದರು. ಹಕ್ಕಿ, ಹೂವು, ವಾಹನಗಳ ಚಿತ್ರ ಅವರು ಅಂಟಿಸಿರುತ್ತಿದ್ದರು. ಪುಟದ ಮೇಲಿನ ತಲೆಬರಹ ಅಕ್ಕನದು. ಪೆನ್ಸಿಲ್ಲಿನಲ್ಲಿ ಬರೆದುಕೊಳ್ಳದೆ ಗ್ಲೇಜ್ ಪೇಪರನ್ನು ತಿರುಗಿಸುತ್ತಾ ಹೋದರೆ ಇಡೀ ಪದ, ಒತ್ತಕ್ಷರವೂ ಬಿಟ್ಟುಹೋಗದೆ, ಒಂದೇ ತುಂಡಾಗಿ ಅವಳ ಮಡಿಲಿಗೆ ಬೀಳುತ್ತಿತ್ತು. ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಹೊಳೆಯುವ ಅಂಚು ಮಾಡುತ್ತಿದ್ದಳು. ಕಾಗದದ ಪಟ್ಟಿಯನ್ನು ಪೊರಕೆಕಡ್ಡಿಗೆ ಸುತ್ತಿ ತೆಗೆದು ಹೂವು, ಬಳ್ಳಿ ಜೋಡಿಸುತ್ತಿದ್ದಳು. ಮೈದಾ ಅಂಟಿಗೆ ಹುಳ ಬೀಳದಿರಲೆಂದು ಚೂರು ಮೈಲುತುತ್ತ ಹಾಕಿ ಕುದಿಸಲು ಅಮ್ಮನಿಗೆ ಹೇಳುತ್ತಿದ್ದಳು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಿಕ್ಷಕರ ತರಬೇತಿಗೆ ಸೇರಿದೆ. ನಮ್ಮನ್ನು ಬೇಲೂರು, ಹಳೇಬೀಡಿಗೆ ಕರೆದೊಯ್ದರು. ಬಂದ ಮೇಲೆ ಆ ಬಗ್ಗೆ ಒಬ್ಬೊಬ್ಬರೂ ಒಂದು ಆಲ್ಬಂ ಮಾಡಿ ಒಪ್ಪಿಸಬೇಕಿತ್ತು. ಹೊರಡುವ ಬೆಳಿಗ್ಗೆ ಅಕ್ಕ ಕೇಳಿದ್ದು ಒಂದೇ. ಹಳೇಬೀಡಿನ ಪಕ್ಕದ ಬಸ್ತಿಹಳ್ಳಿಯ ಬಸದಿಯಲ್ಲಿ ಮುಖ ಕಾಣುವಷ್ಟು ನುಣುಪಾದ ಕಂಬಗಳಿವೆಯಂತೆ, ನೋಡಿಕೊಂಡು ಬಂದು ಹೇಳು ಎಂದಳು. ನಾನು ಗೆಳತಿಯರ ಜೊತೆ ಹೊರಗೆ ಫೋಟೊ ತೆಗೆಸಿಕೊಳ್ಳುತ್ತಾ ನಿಂತವಳು ಒಳಗೆ ಹೋಗಲೇ ಇಲ್ಲ. ಮನೆಗೆ ಬಂದು ಬಾಯಿಗೆ ಬಂದದ್ದನ್ನು ಹೇಳಿದೆ. ಅವಳು ನಂಬಿದಳು. ನನ್ನ ಆಲ್ಬಮ್ಮನ್ನು ಅವಳೇ ಮಾಡಿಕೊಟ್ಟಳು. ಬಸದಿಯ ಪುಟಕ್ಕೆ ಕಪ್ಪು ಕಾಗದದ ಕಂಬಗಳನ್ನು ಕತ್ತರಿಸಿ, ನಾನು ಹೇಳಿದಷ್ಟೇ ಹೊಳೆಯಲಿ ಎಂದು ಚಮಚದ ಬೆನ್ನಿನಿಂದ ಉಜ್ಜುತ್ತಾ ಕೂತಳು. ಇಡೀ ಆಲ್ಬಮ್ಮಿಗೆ ಅವಳು ಹತ್ತು ದಿನ ತೆಗೆದುಕೊಂಡಳು.

ಪರೀಕ್ಷೆಗೆ ಹೊರಗಿನಿಂದ ಬಂದಿದ್ದ ಮೇಷ್ಟ್ರು ತಲೆಬರಹದ ಮೇಲೆ ಬೆರಳಾಡಿಸಿ, ಇದನ್ನು ಮಾಡಿದವರು ಯಾರಮ್ಮ ಎಂದರು. ಅಕ್ಕ ಎಂದಿದ್ದರೆ ನನ್ನನ್ನೇನೂ ಫೇಲು ಮಾಡುತ್ತಿರಲಿಲ್ಲ. ನಾನೇ ಸಾರ್ ಎಂದೆ. ಅವರು ಉಳಿದವರನ್ನೆಲ್ಲ ಕರೆದು ತೋರಿಸಿದರು.

ಮುಂದಿನ ಭಾನುವಾರ ನನ್ನ ತರಗತಿಯ ಇಬ್ಬರು ಗ್ಲೇಜ್ ಪೇಪರ್ ಸುರುಳಿ ಹಿಡಿದು ಮನೆಗೆ ಬಂದರು. ಸಾರ್ ಅಷ್ಟು ಹೊಗಳಿದರಲ್ಲ, ನಮಗೂ ಕತ್ತರಿಸುವುದನ್ನು ಹೇಳಿಕೊಡು ಎಂದರು. ಅಕ್ಕ ಚಾಪೆಯ ಮೇಲೇ ಇದ್ದಳು. ಒಂದು ಗಳಿಗೆ ನನ್ನ ಮುಖ ನೋಡಿದಳು. ಆಮೇಲೆ ಕತ್ತರಿಯನ್ನು ನನ್ನ ಕಡೆಗೆ ಸರಿಸಿದಳು.

"ತಗೊಳ್ಳೇ, ತೋರ್ಸು."

ಅವಳು ವ್ಯಂಗ್ಯಕ್ಕೆ ಹೇಳಿದಂತಿರಲಿಲ್ಲ. ನಾನು ಕೂತು 'ಹಳೇಬೀಡು' ಎಂದು ಕತ್ತರಿಸಲು ಹೋದೆ. 'ಳೇ' ಬರುವಷ್ಟರಲ್ಲಿ ಕಾಗದ ಹರಿಯಿತು. ಕೈ ನೋವು ಎಂದು ಹೇಳಿ ಅವರನ್ನು ಸಾಗಹಾಕಿದೆ. ಅವರು ಹೋದ ಮೇಲೆ ಅಕ್ಕ ಚಾಪೆಯ ಮೇಲಿನ ಚೂರುಗಳನ್ನು ಅಂಗೈಯಲ್ಲಿ ಒಟ್ಟುಮಾಡಿ ಕಿಟಕಿಯಿಂದ ಹೊರಗೆ ಹಾಕಿದಳು.

ಆ ವಾರದಿಂದ ಅವಳು ಕತ್ತರಿ ಮುಟ್ಟಲಿಲ್ಲ. ಸ್ಕ್ರ್ಯಾಪ್ ಬುಕ್ ತಂದ ಮಕ್ಕಳಿಗೆಲ್ಲ ನನ್ನ ತಂಗಿಯನ್ನು ಕೇಳಿ ಎಂದು ಹೇಳಿ ಕಳಿಸುತ್ತಿದ್ದಳು. ಕ್ರಮೇಣ ಮಕ್ಕಳು ಬರುವುದೇ ನಿಂತಿತು. ಏನಾಯಿತು ಎಂದು ಅಮ್ಮ ಕೇಳಿದರೆ ಕಣ್ಣುರಿ ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ತಡೆಯಲಾರದೆ, ಕೋಪವೇ ಎಂದು ಕೇಳಿದೆ.

"ಕೋಪ ಎಂಥದು. ನಿಂಗೆ ಕಾಲೈತೆ, ಓದಿದೀಯ, ನಾಳೆ ಕೆಲ್ಸಾನೂ ಸಿಗುತ್ತೆ. ನಂಗಿದ್ದಿದ್ದು ಇದೊಂದೇ ಕಣೇ," ಎಂದಳು.

ತಪ್ಪಾಯಿತು ಎನ್ನಬೇಕಿತ್ತು. ಎದ್ದು ಹೋಗಿ ನೀರು ಕುಡಿದೆ.

ಎರಡು ವರ್ಷದ ಮೇಲೆ ನನಗೆ ಗಂಡಸಿ ಕಡೆಯ ಒಂದು ಶಾಲೆಯಲ್ಲಿ ಕೆಲಸವಾಯಿತು. ಶನಿವಾರ ಬರುವಾಗ ಬಸ್ ಸ್ಟ್ಯಾಂಡಿನ ಅಂಗಡಿಯಿಂದ ಬಣ್ಣದ ಹಾಳೆ ತಂದು ಅವಳ ಪಕ್ಕ ಇಡುತ್ತಿದ್ದೆ. ಬೇಡ ಎನ್ನುತ್ತಿರಲಿಲ್ಲ. ಹಾಳೆಗಳು ಕಿಟಕಿಯ ಬಿಸಿಲಿಗೆ ಬಿಳಿಚಿಕೊಂಡು ಅಂಚು ಸುರುಟಿ ಹಾಗೇ ಬಿದ್ದಿರುತ್ತಿದ್ದವು. ಅವಳು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು, ಅವರೆಕಾಳು ಸುಲಿಯುತ್ತಿದ್ದಳು. ನನ್ನೊಡನೆ ಊಟದ ಮಾತು, ಮಳೆಯ ಮಾತು ಆಡುತ್ತಿದ್ದಳು, ಪರಸ್ಥಳದ ನೆಂಟರೊಡನೆ ಆಡುವ ಹಾಗೆ.

ವರ್ಷಗಟ್ಟಲೆ ಬಾಗಿ ಕೂತ ಬೆನ್ನು ಅವಳ ಎದೆಯನ್ನು ಒತ್ತತೊಡಗಿತ್ತು. ಒಂದು ಚಳಿಗಾಲ ಕಫ ಕಟ್ಟಿ ಉಸಿರಾಡಲಾಗದೆ ಆಸ್ಪತ್ರೆ ಸೇರಿದವಳು ಐದನೇ ದಿನ ತೀರಿಕೊಂಡಳು. ನಾನು ಶಾಲೆಯಿಂದ ಬರುವಷ್ಟರಲ್ಲಿ ಮನೆಗೆ ತಂದಿದ್ದರು.

ತಿಥಿ ಮುಗಿದ ಮೇಲೆ ಆ ಆಲ್ಬಂ ಕೇಳಿಕೊಂಡು ತರಬೇತಿಯ ಜಾಗಕ್ಕೆ ಹೋದೆ. ಗೆದ್ದಲು ಹಿಡಿದ ಹಳೆಯದನ್ನೆಲ್ಲ ಸುಟ್ಟು ಬಹಳ ದಿನವಾಯಿತು ಎಂದು ಅಟೆಂಡರ್ ಹೇಳಿದರು.

ಮನೆಗೆ ಬಂದು ನಡೆದದ್ದನ್ನೆಲ್ಲ ಅಮ್ಮನಿಗೆ ಹೇಳಿದೆ. ಅಮ್ಮ ಮಿಷನ್ ನಿಲ್ಲಿಸಿ ಕೇಳಿದಳು. ಬಯ್ಯುತ್ತಾಳೆ ಎಂದುಕೊಂಡೆ, ಬಯ್ಯಲಿ ಎಂದೂ ಇತ್ತು.

"ನಂಗ್ಯಾಕೆ ಹೇಳ್ತೀಯ," ಎಂದಳು. "ಅವಳಿಗೆ ಹೇಳ್ಬೇಕಿತ್ತು."

ಮತ್ತೆ ಬಟ್ಟೆಯನ್ನು ಸೂಜಿಯ ಕೆಳಗೆ ಸರಿಸಿ ತುಳಿಯತೊಡಗಿದಳು. ಆ ವಿಷಯವನ್ನು ಅವಳು ಮತ್ತೆಂದೂ ಎತ್ತಲಿಲ್ಲ.