ಮುಂದಿನ ಬ್ರೇಕಿನ ಗಾಳಿ

ಹಂಗಳ ಹಳ್ಳಿಯಲ್ಲಿ ಹಸು ಕರು ಹಾಕಲಾರದೆ ಒದ್ದಾಡುತ್ತಿದೆ ಅಂತ ಫೋನ್ ಬಂದಾಗ ನಾನು ಗುಂಡ್ಲುಪೇಟೆಯ ಮೆಕ್ಯಾನಿಕ್ ಶೆಡ್ಡಿನಲ್ಲಿದ್ದೆ. ಪಶು ಆಸ್ಪತ್ರೆಯ ಕೆಲಸ ನನ್ನದು. ಬೈಕಿನ ಮುಂದಿನ ಬ್ರೇಕ್ ಹಿಡಿದರೆ ಲಿವರ್ ಹ್ಯಾಂಡಲ್ಲಿಗೇ ಅಂಟುತ್ತಿತ್ತು. ಹಿಂದಿನದು ಮೊದಲೇ ಹೆಸರಿಗೆ ಮಾತ್ರ. ಹೋಗಬೇಕಾದದ್ದು ಊಟಿ ಗಾಡಿಗಳು ನುಗ್ಗುವ ರಸ್ತೆ.

"ಆಯಿಲ್ ಪೈಪಲ್ಲಿ ಗಾಳಿ ಸೇರ್ಕಂಡದೆ ಸಾ," ಅಂದ ಮೆಕ್ಯಾನಿಕ್. "ನೀವು ಲಿವರ್ ಅದುಮಿ ಇಡ್ಕಳಿ, ನಾನು ನಟ್ ಸಡ್ಲ ಮಾಡಿ ಗಾಳಿ ತಗೀತೀನಿ. ನಟ್ ಬಿಗಿ ಮಾಡೋಗಂಟ ಬುಡ್ಬ್ಯಾಡಿ."

ಅದುಮಿ ಹಿಡಿದೆ. ಗುಳ್ಳೆ ಗುಳ್ಳೆಯಾಗಿ ಆಯಿಲ್ ಬರುವಾಗಲೇ ಫೋನ್ ಬಡಿದುಕೊಂಡಿತು. ಹಸುವಿನ ಒಡತಿ. "ಎಲ್ಲಿದ್ದೀರಿ ಸಾ? ಕರುನ ಕಾಲು ಮಾತ್ರ ಕಾಣ್ತಾ ಅದೆ." ಫೋನಿಗೆ ಹೋದದ್ದು ಬಲಗೈ, ಲಿವರ್ ಬಿಟ್ಟಿದ್ದೂ ಅದೇ. ಗಾಳಿ ಮತ್ತೆ ಒಳಕ್ಕೆ. ಮೊದಲಿಂದ ಶುರು. ಎರಡನೇ ಸಲವೂ ಆಯಮ್ಮನ ಫೋನು, ಎರಡನೇ ಸಲವೂ ಅದೇ ಪಾಪಿ ಕೈ.

ಮೆಕ್ಯಾನಿಕ್ ಫೋನ್ ಕಿತ್ತುಕೊಂಡು ಸ್ಪ್ಯಾನರ್ ಡಬ್ಬಿಯೊಳಗೆ ಹಾಕಿದ. ಅಲ್ಲಿ ಅದು ಮೂರು ಸಲ ಹೊಡೆದುಕೊಂಡು ಸುಮ್ಮನಾಯಿತು. ನಾನು ಲಿವರ್ ಬಿಡಲಿಲ್ಲ.

ಕೊನೆಗೆ ಬ್ರೇಕ್ ಕಲ್ಲಿನಂತೆ ಗಟ್ಟಿಯಾಯಿತು. ಗಾಡಿ ಸ್ಟಾರ್ಟ್ ಮಾಡಿ, ಹೊರಟೆ ಅಂತ ಹೇಳಲು ಡಬ್ಬಿಯಿಂದ ಫೋನ್ ತೆಗೆದು ಆಯಮ್ಮನಿಗೆ ಮಾಡಿದೆ.

"ಬರ್ಬ್ಯಾಡಿ ಸಾ," ಅಂದಳು. ದನಿಯಲ್ಲಿ ಸಿಟ್ಟೂ ಇರಲಿಲ್ಲ. "ಕರನೂ ಓಯ್ತು, ಹಸನೂ ಓಯ್ತು."

ಎಂಜಿನ್ ಆರಿಸಿದೆ.

"ಒಂದ್ಸಲ ಓಡ್ಸಿ ನೋಡಿ ಸಾ, ಹಿಡಿದ್ರೆ ನಿಂತ್ಕತದೆ," ಅಂದ ಮೆಕ್ಯಾನಿಕ್.

ನಿಂತೇ ಇದೆಯಲ್ಲಪ್ಪ, ಅಂದೆ.